ಮಾಡಿದವನ ಹೊಣೆ



ಮನುಷ್ಯನಿಗೆ ಲಭಿಸುವ ಸಂತೋಷಗಳಲ್ಲಿ, ತನ್ನ ಕೈಯಿಂದಲೇ ಒಂದು ವಸ್ತುವನ್ನು ಮಾಡಿ ಮುಗಿಸಿದ ಸಂತೋಷಕ್ಕೆ ಸಮನಾದುದು ವಿರಳ. ಬಡಗಿಯು ತಾನು ಕೂಡಿಸಿದ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಾಗ, ಕುಂಬಾರನು ಆವಿಗೆಯಿಂದ ಬಿರುಕಿಲ್ಲದ ಗಡಿಗೆಯನ್ನು ಹೊರತೆಗೆದಾಗ, ನೇಕಾರನು ಮಗ್ಗದಿಂದ ಸೀರೆಯನ್ನು ಇಳಿಸಿದಾಗ ಅವರ ಮುಖದಲ್ಲಿ ಮೂಡುವ ತೃಪ್ತಿಯನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು. ಕೊಳ್ಳಬಲ್ಲವರು ಹೆಚ್ಚಾಗಿ, ಮಾಡಬಲ್ಲವರು ಕಡಿಮೆಯಾಗುತ್ತಿರುವ ಈ ಕಾಲದಲ್ಲಿ ಕೈಕೆಲಸವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಪ್ರಸಾದನಿಲಯಗಳಲ್ಲಿದ್ದು ಓದಿದ ನಿಮ್ಮಲ್ಲಿ ಅನೇಕರು ನೀರು ಸೇದಿ, ಅಂಗಳ ಗುಡಿಸಿ, ಕಾಯಿಪಲ್ಲೆ ಹೆಚ್ಚಿ, ತೋಟದ ಪಾತಿ ಮಾಡಿ ಬೆಳೆದವರು. ದುಡಿಮೆಯ ರುಚಿಯನ್ನು ನಿಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮಾಡುವ ಕೆಲಸದಲ್ಲಿ ಶ್ರದ್ಧೆಯಿದ್ದ ಮಾತ್ರಕ್ಕೆ ಮಾಡಿದ ವಸ್ತುವೂ ಒಳ್ಳೆಯದಾಗುವುದೇ? ಶ್ರದ್ಧೆ, ತಾಳ್ಮೆ, ನೈಪುಣ್ಯ ಈ ಮೂರೂ ಕೂಡಿ, ಕೊಲ್ಲಬಲ್ಲ ವಸ್ತುವೊಂದನ್ನು ನಿರ್ಮಿಸಿದರೆ ಆ ಶ್ರದ್ಧೆಯನ್ನು ಮೆಚ್ಚಬೇಕೋ, ಆ ವಸ್ತುವನ್ನು ಕಂಡು ಮರುಗಬೇಕೋ? ವಸ್ತುವು ಕೈದಾಟಿ ಹೋದ ಮೇಲೆ ಅದನ್ನು ಮಾಡಿದವನ ಹೊಣೆ ಎಲ್ಲಿಯವರೆಗೆ ಉಳಿಯುತ್ತದೆ? ಸುಲಭವಾದ ಉದಾಹರಣೆಗಳಿಂದ ಪರೀಕ್ಷಿಸಿದರೆ ಇಂತಹ ಪ್ರಶ್ನೆಗಳು ಸುಲಭವಾಗಿಯೇ ತೋರುತ್ತವೆ. ಆದುದರಿಂದ ಕಠಿಣವಾದ ಉದಾಹರಣೆಯೊಂದನ್ನೇ ತೆಗೆದುಕೊಳ್ಳೋಣ. ಅಮೆರಿಕಾ ದೇಶದಲ್ಲಿ ಕೆಲವರು ಬಿಡಿಭಾಗಗಳ ಕಿಟ್ಟನ್ನು ತರಿಸಿಕೊಂಡು, ತಮ್ಮ ಮನೆಯಲ್ಲಿಯೇ, ತಮ್ಮ ಅಭಿರುಚಿಗೆ ತಕ್ಕಂತೆ ಪಿಸ್ತೂಲನ್ನು ತಯಾರಿಸುವ ಹವ್ಯಾಸವನ್ನಿಟ್ಟುಕೊಂಡಿದ್ದಾರೆ. ನಮ್ಮ ನಿಲಯಗಳಲ್ಲಿ ಓದಿ ಆ ದೇಶದಲ್ಲಿ ನೆಲೆಸಿರುವ ಬಂಧುಗಳಿಗೆ ಇದು ನೆರೆಮನೆಯ ಸಂಗತಿ. ಇಲ್ಲಿರುವ ನಮಗೆ ದೂರದ ಸಂಗತಿಯಂತೆ ಕಂಡರೂ ಅದರೊಳಗಿನ ಪ್ರಶ್ನೆ ನಮ್ಮ ಮನೆಬಾಗಿಲಿನದೇ ಎಂಬುದು ಮುಂದೆ ತಿಳಿಯುತ್ತದೆ.

ಶನಿವಾರದ ಸಂಜೆಯೆಂದು ಭಾವಿಸಿರಿ. ವಾರವೆಲ್ಲ ಕಚೇರಿಯಲ್ಲಿ ದುಡಿದ ಗೃಹಸ್ಥನೊಬ್ಬನು ಊಟ ಮುಗಿಸಿ, ಕಾರು ನಿಲ್ಲಿಸುವ ಗ್ಯಾರೇಜಿಗೆ ಬಂದು ದೀಪ ಹಾಕುತ್ತಾನೆ. ಗೋಡೆಯ ಬದಿಯ ಮೇಜಿನ ಮೇಲೆ ಅರಗಳು, ಸುತ್ತಿಗೆ, ಎಣ್ಣೆಯ ಡಬ್ಬಿ, ಹಳೆಯ ಬಟ್ಟೆಯ ಚೂರುಗಳು ಅಣಿಯಾಗಿವೆ. ತರಿಸಿಕೊಂಡ ಪೆಟ್ಟಿಗೆಯಲ್ಲಿ ನಳಿಗೆಯಿದೆ, ಅದರ ಮೇಲೆ ಹಿಂದೆ ಮುಂದೆ ಜಾರುವ ಉಕ್ಕಿನ ಭಾಗವಿದೆ, ಸ್ಪ್ರಿಂಗುಗಳಿವೆ, ಅಕ್ಕಿಕಾಳಿನಷ್ಟು ಸಣ್ಣ ಕೀಲುಗಳಿವೆ, ಹಿಡಿಗೆ ಹೊಂದಿಸುವ ಮರದ ಪಟ್ಟಿಗಳಿವೆ. ಹವ್ಯಾಸಿಗಳಲ್ಲಿ ಬಹುಜನರಿಗೆ ಪ್ರಿಯವಾದುದು ಜಾನ್ ಬ್ರೌನಿಂಗ್ ಎಂಬ ಶಿಲ್ಪಿಯು ರೂಪಿಸಿ, ಅಮೆರಿಕಾದ ಸೈನ್ಯವು 1911ರಲ್ಲಿ ಅಂಗೀಕರಿಸಿದ ಪಿಸ್ತೂಲಿನ ಮಾದರಿ. ಅದರ ಭಾಗಗಳು ಒಂದರೊಳಗೊಂದು ಜಾರುವಾಗ ಎಲ್ಲಿಯೂ ತಡೆಯಬಾರದು, ಎಲ್ಲಿಯೂ ಸಡಿಲವಾಗಿ ಅಲುಗಾಡಬಾರದು. ಕೂದಲೆಳೆಯಷ್ಟು ಹೆಚ್ಚಾಗಿ ಉಜ್ಜಿದರೆ ಭಾಗ ಕೆಟ್ಟಿತೆಂದೇ ಅರ್ಥ. ಉಜ್ಜುವುದು, ಹೊಂದಿಸಿ ನೋಡುವುದು, ಮತ್ತೆ ಬಿಚ್ಚುವುದು, ಮತ್ತೆ ಉಜ್ಜುವುದು, ಹೀಗೆ ವಾರಗಳು ಕಳೆಯುತ್ತವೆ. ಸಿಟ್ಟು, ಅವಸರಗಳು ಆ ಮೇಜಿನ ಮುಂದೆ ನಡೆಯವು. ಕೊನೆಗೊಂದು ದಿನ ಎಲ್ಲ ಭಾಗಗಳೂ ಒಂದಾಗಿ, ಕೈಯಲ್ಲಿ ಹಿಡಿದಾಗ ತೂಕ ಸಮನಾಗಿ ಕುಳಿತಾಗ ಅವನು ಅನುಭವಿಸುವ ಆನಂದವು ನಮ್ಮ ಬಡಗಿ, ಕುಂಬಾರ, ನೇಕಾರರ ಆನಂದಕ್ಕಿಂತ ಬೇರೆಯದಲ್ಲ.

ಈತನನ್ನು ದುಷ್ಟನೆಂದು ಕರೆಯಲು ನಾವು ಅವಸರಪಡಬಾರದು. ಅವನ ಹಿಂದೆ ಒಂದು ಪರಂಪರೆಯೇ ಇದೆ. 18ನೆಯ ಶತಮಾನದಲ್ಲಿ ಜರ್ಮನಿಯಿಂದ ವಲಸೆ ಬಂದು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಪ್ರದೇಶದಲ್ಲಿ ನೆಲೆಸಿದ ಕಮ್ಮಾರರು ಉದ್ದ ನಳಿಗೆಯ ಬಂದೂಕುಗಳನ್ನು ಮಾಡುತ್ತಿದ್ದರು. ಅವುಗಳ ಮರದ ಹಿಡಿಗೆ ಹಿತ್ತಾಳೆಯ ಕುಸುರಿಯನ್ನು ಕೂಡಿಸುತ್ತಿದ್ದರು. ಅವರಲ್ಲಿ ಅನೇಕರು ನಳಿಗೆಯ ಮೇಲೆ ತಮ್ಮ ಹೆಸರನ್ನು ಕೆತ್ತುತ್ತಿದ್ದರು. ನಮ್ಮ ಮಲೆನಾಡಿನ ಕೇಪಿನ ಕೋವಿಯಂತೆ ಬಾಯಿಯಿಂದ ಮದ್ದು ತುಂಬುವ ಹಳೆಯ ಮಾದರಿಯ ಪಿಸ್ತೂಲುಗಳ ಕಿಟ್ಟುಗಳು ಅಲ್ಲಿ ದಶಕಗಳಿಂದ ಮಾರಾಟವಾಗುತ್ತಿವೆ. ಅವುಗಳನ್ನು ಕೂಡಿಸುವವರಲ್ಲಿ ಇತಿಹಾಸಪ್ರಿಯರು ಬಹಳ. 1968ರಲ್ಲಿ ಅಲ್ಲಿ ಬಂದ ಬಂದೂಕು ನಿಯಂತ್ರಣ ಕಾಯಿದೆಯು ಬಂದೂಕು ತಯಾರಿಸಿ ಮಾರುವ ವ್ಯಾಪಾರಿಗೆ ಲೈಸೆನ್ಸನ್ನೂ, ಪ್ರತಿಯೊಂದು ಬಂದೂಕಿಗೆ ಕ್ರಮಸಂಖ್ಯೆಯನ್ನೂ ಕಡ್ಡಾಯ ಮಾಡಿತು. ಸ್ವಂತ ಉಪಯೋಗಕ್ಕೆ ಮನೆಯಲ್ಲಿ ಮಾಡಿಕೊಳ್ಳುವವನಿಗೆ ಆ ನಿರ್ಬಂಧವನ್ನು ಹೇರಲಿಲ್ಲ. ತನ್ನ ಕೈಯಿಂದ ಮಾಡುವವರು ಕೆಲವರೇ, ಅದಕ್ಕೆ ವರ್ಷಗಳ ಅಭ್ಯಾಸ ಬೇಕು, ಅಂಥವರಿಂದ ಸಮಾಜಕ್ಕೆ ಅಪಾಯವಿಲ್ಲ ಎಂಬ ನಂಬಿಕೆಗೆ ಆ ಕಾಲದಲ್ಲಿ ಆಧಾರವಿತ್ತು.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಇದಕ್ಕೆ ಲೋಕದಲ್ಲಿ ಎರಡು ಸಿದ್ಧ ಉತ್ತರಗಳಿವೆ.

ಮೊದಲನೆಯ ಉತ್ತರ ಹೀಗಿದೆ: ಆಯುಧವೇ ಪಾಪವಸ್ತು, ಅದನ್ನು ಮಾಡುವವನೂ ಪಾಪಿಯೇ. ಕೇಳುವುದಕ್ಕೆ ಇದು ಉದಾತ್ತವಾಗಿದೆ. ಆದರೆ ಇದನ್ನು ಒಪ್ಪುವ ಮೊದಲು ನಮ್ಮ ಸುತ್ತಲೇ ನೋಡಿರಿ. ಕೊಡಗಿನಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಕೈಲ್‌ಪೊಳ್ದ್ ಹಬ್ಬ ನಡೆಯುತ್ತದೆ. ನಾಟಿಯ ಕೆಲಸ ಮುಗಿಸಿದ ಒಕ್ಕಲು ಮಕ್ಕಳು ಮನೆಯ ಕೋವಿಗಳನ್ನು ಒರೆಸಿ, ತೋಕ್‌ಪೂವನ್ನು ಮುಡಿಸಿ ಪೂಜಿಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ವಿನಾಯಿತಿ ಬಂದಿದ್ದು, ಕೇಂದ್ರ ಸರ್ಕಾರವು 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಆ ಮನೆಗಳಲ್ಲಿ ಕೋವಿಯು ಹಿರಿಯರ ನೆನಪಿನ ವಸ್ತು, ಅದಕ್ಕೆ ಮನೆಯವರೆಲ್ಲರ ಕಾವಲಿದೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಎಂಬ ನಮ್ಮ ದೇಶದ ಹೆಣ್ಣುಮಗಳು ಏರ್ ಪಿಸ್ತೂಲಿನ ಸ್ಪರ್ಧೆಗಳಲ್ಲಿ ಎರಡು ಕಂಚಿನ ಪದಕಗಳನ್ನು ಗೆದ್ದಾಗ ನಾವೆಲ್ಲರೂ ಹೆಮ್ಮೆಪಟ್ಟೆವು. ಅಂದಮೇಲೆ ಲೋಹದ ಆಕಾರವೊಂದರಲ್ಲಿಯೇ ಪಾಪವು ಮನೆಮಾಡಿದೆಯೆಂದು ಹೇಳಿ ಕೈತೊಳೆದುಕೊಳ್ಳುವುದು ವಿಚಾರವಂತರ ಮಾತಾಗದು.

ಎರಡನೆಯ ಉತ್ತರ ಇದಕ್ಕೆ ವಿರುದ್ಧವಾದುದು: ಪಿಸ್ತೂಲು ಜಡವಸ್ತು, ಅದು ತಾನಾಗಿ ಯಾರನ್ನೂ ಕೊಲ್ಲದು, ಪಾಪಪುಣ್ಯಗಳೆಲ್ಲ ಉಪಯೋಗಿಸುವವನಿಗೆ ಸೇರಿದವು, ಮಾಡಿದವನಿಗೆ ಏನೂ ಅಂಟದು. ಅಮೆರಿಕಾದಲ್ಲಿ ಈ ಮಾತು ಬಹಳ ಕೇಳಿಬರುತ್ತದೆ. ಇದರಲ್ಲಿಯೂ ಅರ್ಧ ಸತ್ಯವಿದೆ. ಕುಡುಗೋಲಿನಿಂದ ಕೊಲೆಯಾದರೆ ಕಮ್ಮಾರನನ್ನು ಯಾರೂ ಜೈಲಿಗೆ ಕಳಿಸುವುದಿಲ್ಲ. ಆದರೆ ಕುಡುಗೋಲಿನ ಬಾಗು ಪೈರಿನ ಬುಡಕ್ಕಾಗಿ ಆದುದು. ಅದು ಮನುಷ್ಯನ ಮೇಲೆ ಬಿದ್ದರೆ ಅಪಪ್ರಯೋಗವಾಯಿತು. ಗುಂಡು ಹಾರಿಸುವ ಪಿಸ್ತೂಲಿನ ವಿಷಯ ಹಾಗಲ್ಲ. ಸೊಂಟದಲ್ಲಿ ಇಟ್ಟುಕೊಳ್ಳಲು ಅನುಕೂಲವಾಗುವಷ್ಟು ಗಿಡ್ಡಾಗಿ, ಹತ್ತಿರದಲ್ಲಿ ನಿಂತ ಮನುಷ್ಯನನ್ನು ಎದುರಿಸಲೆಂದೇ ಅದರ ಮೂಲರೂಪ ಹುಟ್ಟಿತು. ಗುರಿಯ ಆಟ ಆಮೇಲೆ ಬಂದುದು. ವಸ್ತುವಿನ ಆಕಾರದಲ್ಲಿಯೇ ಅದರ ಉದ್ದೇಶ ಬರೆದಿರುವಾಗ, ಆ ಆಕಾರವನ್ನು ಕೊಟ್ಟವನು ‘ನನಗೇನೂ ತಿಳಿಯದು’ ಎನ್ನಲಾಗದು.

ಈ ಮಾತನ್ನು ತನ್ನ ಜೀವನದಲ್ಲಿಯೇ ಅನುಭವಿಸಿದವನು ರಷ್ಯಾ ದೇಶದ ಮಿಖಾಯಿಲ್ ಕಲಾಶ್ನಿಕೋವ್. 1941ರಲ್ಲಿ ಯುದ್ಧದಲ್ಲಿ ಗಾಯಗೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ, ತನ್ನ ನಾಡನ್ನು ರಕ್ಷಿಸಲು ಒಳ್ಳೆಯ ಬಂದೂಕು ಬೇಕೆಂದು ಯೋಚಿಸತೊಡಗಿದ ಅವನು 1947ರಲ್ಲಿ ರೂಪಿಸಿದ ಬಂದೂಕು ಮುಂದೆ ಜಗತ್ತಿನ ಮೂಲೆ ಮೂಲೆಗೂ ಹರಡಿತು. ಸೈನಿಕರ ಕೈಗೂ, ಭಯೋತ್ಪಾದಕರ ಕೈಗೂ, ಇನ್ನೂ ಮೀಸೆ ಮೂಡದ ಹುಡುಗರ ಕೈಗೂ ಹೋಯಿತು. ಬಹುಕಾಲ ಅವನು, ತಪ್ಪು ರಾಜಕಾರಣಿಗಳದು, ತನ್ನದಲ್ಲ ಎಂದೇ ಹೇಳಿದನು. ಆದರೆ ಕೊನೆಗಾಲದಲ್ಲಿ ರಷ್ಯಾದ ಧರ್ಮಗುರುಗಳಿಗೆ ಒಂದು ಪತ್ರವನ್ನು ಬರೆದು, ತನ್ನ ಬಂದೂಕು ಜನರ ಜೀವ ತೆಗೆದಿರುವುದರಿಂದ ಆ ಸಾವುಗಳಿಗೆ ತಾನೂ ದೋಷಿಯೇ ಎಂದು ತೀರದ ಸಂಕಟದಿಂದ ಕೇಳಿಕೊಂಡನು. 2013ರ ಡಿಸೆಂಬರಿನಲ್ಲಿ, 94ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ ಮೇಲೆ ಆ ಪತ್ರ ಪ್ರಕಟವಾಯಿತು. ದೇಶರಕ್ಷಣೆಗಾಗಿ ಮಾಡಿದವನಿಗೆ ದೋಷವಿಲ್ಲವೆಂಬ ಸಮಾಧಾನದ ಉತ್ತರವೂ ಬಂದಿತ್ತೆಂದು ತಿಳಿಯುತ್ತದೆ. ಉತ್ತರ ಏನೇ ಇರಲಿ, ಜೀವಮಾನವೆಲ್ಲ ತನ್ನದಲ್ಲವೆಂದು ಹೇಳಿಕೊಂಡ ಹೊಣೆಯು ಮುಪ್ಪಿನಲ್ಲಿ ಬಂದು ಬಾಗಿಲು ತಟ್ಟಿತೆಂಬುದನ್ನು ನಾವು ಗಮನಿಸಬೇಕು.

ಹಾಗಾದರೆ ವಸ್ತುವಿನಲ್ಲಿಯೇ ದೋಷವಿದೆಯೆನ್ನುವುದೂ ಸಲ್ಲದು, ಉಪಯೋಗಿಸುವವನಲ್ಲಿ ಮಾತ್ರ ಇದೆಯೆನ್ನುವುದೂ ಸಲ್ಲದು. ಮಾಡಿದವನಿಗೂ ಮಾಡಿದ ವಸ್ತುವಿಗೂ ನಡುವೆ ಒಂದು ನಂಟಿದೆ. ‘ಇದನ್ನು ಮಾಡಿದವನು ನಾನು, ಇದರ ವಿಚಾರವಾಗಿ ಕೇಳುವುದಿದ್ದರೆ ನನ್ನನ್ನು ಕೇಳಿರಿ’ ಎಂದು ನಿಲ್ಲುವ ಸಿದ್ಧತೆಯೇ ಆ ನಂಟು. ಅದು ಉಳಿದಿದೆಯೋ ಕಡಿದಿದೆಯೋ ಎಂಬುದರ ಮೇಲೆ ಕೆಲಸದ ಒಳಿತು ಕೆಡಕುಗಳು ನಿಂತಿವೆ.

ಪೆನ್ಸಿಲ್ವೇನಿಯಾದ ಕಮ್ಮಾರನು ನಳಿಗೆಯ ಮೇಲೆ ಹೆಸರು ಕೆತ್ತಿದಾಗ ಮಾಡಿದ್ದು ಇದನ್ನೇ. ನಮ್ಮ ನಾಡಿನಲ್ಲಿಯೂ ಇದಕ್ಕೆ ನಿದರ್ಶನಗಳು ಉಂಟು. ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರುಗಳನ್ನು ಬರೆದಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಅದೇ ಗುಡಿಗಳಲ್ಲಿ ಹೆಸರು ಬರೆಯದ ಶಿಲ್ಪಿಗಳೂ ಅನೇಕರಿದ್ದಾರೆ. ಅವರ ಮೌನವನ್ನು ನಾವು ವಿನಯವೆಂದು ಗೌರವಿಸುತ್ತೇವೆ. ಇಲ್ಲೊಂದು ಸೂಕ್ಷ್ಮವಿದೆ. ಹೆಸರಿಲ್ಲದಿರುವುದರಲ್ಲಿ ಎರಡು ಬಗೆ. ಕೀರ್ತಿ ಬೇಡವೆಂದು ಹೆಸರನ್ನು ಬಿಡುವುದು ಒಂದು, ಹೊಣೆ ಬೇಡವೆಂದು ಹೆಸರನ್ನು ಮರೆಸುವುದು ಇನ್ನೊಂದು. ಹೊರನೋಟಕ್ಕೆ ಎರಡೂ ಒಂದೇ. ಆದರೆ ಒಂದು ತ್ಯಾಗ, ಇನ್ನೊಂದು ಪಲಾಯನ.

ಅಮೆರಿಕಾದ ಕಿಟ್ಟಿನ ಪಿಸ್ತೂಲಿನ ಕಥೆ ಈ ಎರಡನೆಯ ಬಗೆಗೆ ತಿರುಗಿದುದು ಹೇಗೆಂಬುದನ್ನು ಈಗ ನೋಡಿರಿ. ಅಲ್ಲಿಯ ಕಾನೂನಿನ ದೃಷ್ಟಿಯಲ್ಲಿ ಪಿಸ್ತೂಲೆಂದರೆ ಅದರ ಚೌಕಟ್ಟು. ಕ್ರಮಸಂಖ್ಯೆ ಬೀಳುವುದು ಅದರ ಮೇಲೆ. ನಳಿಗೆ, ಸ್ಪ್ರಿಂಗುಗಳೆಲ್ಲ ಬರಿಯ ಬಿಡಿಭಾಗಗಳು. ಇದನ್ನು ಬಲ್ಲ ವ್ಯಾಪಾರಿಗಳು ಚೌಕಟ್ಟನ್ನು ಪೂರ್ತಿ ಮಾಡದೆ, ಸ್ವಲ್ಪ ಕೆಲಸವನ್ನು ಬಾಕಿ ಉಳಿಸಿ, ಇದು ಇನ್ನೂ ಪಿಸ್ತೂಲಲ್ಲ, ಪ್ಲಾಸ್ಟಿಕ್ಕಿನ ತುಂಡು ಎಂದು ಹೇಳಿ ಮಾರತೊಡಗಿದರು. ಕೊಳ್ಳುವವನ ಪೂರ್ವಾಪರ ವಿಚಾರಣೆಯಿಲ್ಲ, ಕ್ರಮಸಂಖ್ಯೆಯಿಲ್ಲ, ದಾಖಲೆಯಿಲ್ಲ. ಹವ್ಯಾಸಿಯು ವಾರಗಟ್ಟಲೆ ಬೆವರು ಸುರಿಸಿ ಪಡೆಯುತ್ತಿದ್ದುದನ್ನು ಯಾರು ಬೇಕಾದರೂ ಕ್ಷಣಮಾತ್ರದಲ್ಲಿ ಪಡೆಯುವಂತಾಯಿತು. ಅಂತಹ ಕಿಟ್ಟನ್ನು ಹಿಂದೆಂದೂ ಕಾಣದ ವ್ಯಕ್ತಿಯೊಬ್ಬನು 21 ನಿಮಿಷಗಳಲ್ಲಿ ಪಿಸ್ತೂಲನ್ನು ಸಿದ್ಧಪಡಿಸಿದನೆಂಬ ಸಂಗತಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಲ್ಲಿಯೇ ದಾಖಲಾಗಿದೆ. 21 ನಿಮಿಷಗಳಲ್ಲಿ ಕಲೆ ಎಲ್ಲಿ ಬಂತು, ತಾಳ್ಮೆ ಎಲ್ಲಿ ಬಂತು? ಹವ್ಯಾಸವೆಂಬ ಗೌರವದ ಹೆಸರು ಮಾತ್ರ ಉಳಿಯಿತು, ಹವ್ಯಾಸಿಯ ಸಾಧನೆ ಮಾಯವಾಯಿತು.

ಪರಿಣಾಮವೂ ತಡವಾಗಲಿಲ್ಲ. ಮೂಲವನ್ನು ಪತ್ತೆಹಚ್ಚಲು ಪೊಲೀಸರು ಅಲ್ಲಿಯ ಒಕ್ಕೂಟ ಸರ್ಕಾರಕ್ಕೆ ಕಳಿಸಿದ ಕ್ರಮಸಂಖ್ಯೆಯಿಲ್ಲದ ಬಂದೂಕುಗಳು 2017ರಲ್ಲಿ ಸುಮಾರು 1,600 ಇದ್ದವು. 2021ರಲ್ಲಿ ಅವು 19,000ಕ್ಕೂ ಹೆಚ್ಚಾದವು. ಜನರು ಇವನ್ನು ‘ಘೋಸ್ಟ್ ಗನ್’ ಎಂದು ಕರೆದರು. ಪ್ರೇತಬಂದೂಕು ಎಂದು ನಾವು ಹೇಳಬಹುದು. ಹೆಸರು ಸಾರ್ಥಕವಾಗಿದೆ. ಪ್ರೇತಕ್ಕೆ ನೆಲೆಯಿಲ್ಲ, ಮನೆತನವಿಲ್ಲ, ಎಲ್ಲಿಂದ ಬಂತೆಂದು ಯಾರೂ ಹೇಳಲಾರರು. 2022ರ ಆಗಸ್ಟಿನಲ್ಲಿ ಅಲ್ಲಿಯ ಸರ್ಕಾರವು ಇಂತಹ ಕಿಟ್ಟುಗಳನ್ನೂ ಬಂದೂಕಿನಂತೆಯೇ ಪರಿಗಣಿಸುವ ನಿಯಮವನ್ನು ಜಾರಿಗೆ ತಂದಿತು. ಅದನ್ನು ಪ್ರಶ್ನಿಸಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ಮಾರ್ಚ್ 26ರಂದು ಏಳು ನ್ಯಾಯಮೂರ್ತಿಗಳ ಬಹುಮತದಿಂದ ನಿಯಮವನ್ನು ಎತ್ತಿಹಿಡಿಯಿತು. ಇಬ್ಬರು ಭಿನ್ನಾಭಿಪ್ರಾಯ ತಾಳಿದರು. ತೀರ್ಪು ಬರೆದ ನ್ಯಾಯಮೂರ್ತಿ ನೀಲ್ ಗೋರ್ಸಚ್ ಅವರ ವಾದಸರಣಿ ನಮ್ಮ ವಿಚಾರಕ್ಕೂ ಬೆಳಕು ಕೊಡುತ್ತದೆ. ಬರೆದು ಮುಗಿಯದ ಹಸ್ತಪ್ರತಿಯನ್ನೂ ಲೇಖಕನು ಕಾದಂಬರಿಯೆಂದೇ ಕರೆಯುತ್ತಾನೆ, ಬಿಡಿಯಾಗಿ ಪೆಟ್ಟಿಗೆಯಲ್ಲಿ ಬಂದ ಮೇಜನ್ನೂ ನಾವು ಮೇಜೆಂದೇ ಹೇಳುತ್ತೇವೆ ಎಂಬುದು ಅದರ ತಾತ್ಪರ್ಯ. ವಸ್ತುವು ಪೂರ್ಣವಾಗುವ ಮೊದಲೇ ಅದನ್ನು ಮಾಡುವವನ ಸಂಕಲ್ಪವು ಅದಕ್ಕೆ ಹೆಸರಿಡುತ್ತದೆ. ‘ಇನ್ನೂ ಆಗಿಲ್ಲ’ ಎಂಬ ಮಾತಿನ ಮರೆಯಲ್ಲಿ ಸಂಕಲ್ಪವನ್ನು ಅಡಗಿಸಲಾಗದು. ನ್ಯಾಯಾಲಯವು ಕಾನೂನಿಗಾಗಿ ಹೇಳಿದುದು ಅಂತಃಸಾಕ್ಷಿಗೂ ಅನ್ವಯಿಸುತ್ತದೆ.

ನಿಮ್ಮಲ್ಲಿ ಕಾನೂನು ಬಲ್ಲವರೊಬ್ಬರು ಇಲ್ಲಿ ಆಕ್ಷೇಪವೆತ್ತಬಹುದು: ಸಂಖ್ಯೆಯಿರುವ ಪಿಸ್ತೂಲಿನಿಂದ ಕೊಲೆಗಳು ನಡೆಯುವುದಿಲ್ಲವೇ? ನಡೆಯುತ್ತವೆ. 1948ರ ಜನವರಿ 30ರಂದು ಮಹಾತ್ಮರ ಎದೆಗೆ ಗುಂಡು ಹಾರಿಸಿದ ಇಟಲಿಯ ಬೆರೆಟ್ಟಾ ಪಿಸ್ತೂಲಿಗೂ ಸಂಖ್ಯೆಯಿತ್ತು. ಅದು 606824. ಆ ಅಂಕಿಗಳು ಗುಂಡನ್ನು ತಡೆಯಲಿಲ್ಲ. ಅದನ್ನು ನಾವು ಮರೆಯಬಾರದು. ಆದರೆ ನ್ಯಾಯಾಲಯದಲ್ಲಿ ಆ ಆಯುಧವನ್ನು ಮುಂದಿಟ್ಟು, ಇದೇ ಅದು, ಇದು ಗ್ವಾಲಿಯರಿನಲ್ಲಿ ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ವಿಚಾರಿಸುವಾಗ ಆ ಸಂಖ್ಯೆಯು ಒಂದು ಗುರುತಾಯಿತು. ಸಂಖ್ಯೆಯು ಕೊಲೆಗೆ ಕಾವಲಲ್ಲ. ಅದು ಪ್ರಶ್ನೆ ಕೇಳುವುದಕ್ಕೆ ದಾರಿ. ನಮ್ಮ ದೇಶದ 1959ರ ಆಯುಧ ಕಾಯಿದೆಯೂ ಲೈಸೆನ್ಸಿಲ್ಲದೆ ಆಯುಧ ತಯಾರಿಸುವುದನ್ನು ನಿಷೇಧಿಸಿದೆ. ತಯಾರಕನ ಹೆಸರು, ಸಂಖ್ಯೆ ಅಥವಾ ಬೇರೆ ಗುರುತು ಇಲ್ಲದ ಬಂದೂಕನ್ನು ಮಾರುವುದನ್ನೂ, ಇರುವ ಗುರುತನ್ನು ಅಳಿಸುವುದನ್ನೂ ಅಪರಾಧವೆಂದಿದೆ. 2019ರ ತಿದ್ದುಪಡಿಯ ನಂತರ ಕಳ್ಳತಯಾರಿಕೆಗೆ ಕನಿಷ್ಠ ಏಳು ವರ್ಷಗಳಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ. ನಾಡಪಿಸ್ತೂಲಿನ ವ್ಯಾಪಾರವು ನಮ್ಮಲ್ಲಿಯೂ ಇರುವುದರಿಂದಲೇ ಈ ಕಟ್ಟುನಿಟ್ಟು ಬೇಕಾಯಿತು.

ಈಗ ಈ ಲೇಖನವನ್ನು ಬರೆಯುವಂತೆ ಮಾಡಿದ ಸಂಗತಿಯನ್ನು ಹೇಳಬೇಕು. 2019ರ ನವೆಂಬರ್ 14. ನಮ್ಮಲ್ಲಿ ಅಂದು ಮಕ್ಕಳ ದಿನಾಚರಣೆ. ಶಾಲೆಗಳಲ್ಲಿ ಹಾಡು, ಆಟ, ಸಿಹಿ. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಿಟಾ ಪಟ್ಟಣದ ಸಾಗಸ್ ಪ್ರೌಢಶಾಲೆಯಲ್ಲಿ ಅಂದು ಬೆಳಿಗ್ಗೆ, ಅದೇ ದಿನ 16 ವರ್ಷ ತುಂಬಿದ ವಿದ್ಯಾರ್ಥಿಯೊಬ್ಬನು ಚೀಲದಿಂದ ಪಿಸ್ತೂಲು ತೆಗೆದು ಸಹಪಾಠಿಗಳ ಮೇಲೆ ಗುಂಡು ಹಾರಿಸಿದನು. ಹದಿನೈದು ವರ್ಷದ ಹುಡುಗಿಯೂ ಹದಿನಾಲ್ಕು ವರ್ಷದ ಹುಡುಗನೂ ಸತ್ತರು. ಮೂವರು ಗಾಯಗೊಂಡರು. ಕೊನೆಯ ಗುಂಡನ್ನು ತನಗೇ ಹಾರಿಸಿಕೊಂಡ ಆ ಬಾಲಕನು ಮರುದಿನ ತೀರಿಕೊಂಡನು. ಆ ಪಿಸ್ತೂಲು ಕ್ರಮಸಂಖ್ಯೆಯಿಲ್ಲದ ಕಿಟ್ಟಿನದು. ಅದನ್ನು ಜೋಡಿಸಿದವನು ಬಾಲಕನ ತಂದೆಯೆಂದೂ, ಆ ತಂದೆಯು 2017ರಲ್ಲಿಯೇ ಮರಣ ಹೊಂದಿದ್ದನೆಂದೂ ವರದಿಯಾಯಿತು.

ಆ ತಂದೆಯ ಮನಸ್ಸಿನಲ್ಲಿ ಏನಿತ್ತೆಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಮಗನು ಒಂದು ದಿನ ಇದನ್ನು ಶಾಲೆಗೆ ಒಯ್ಯಲೆಂದು ಬಯಸಿ ಯಾವ ತಂದೆಯೂ ಕೀಲುಗಳನ್ನು ಹೊಂದಿಸನು. ಇದರಿಂದ ತಿಳಿಯಬೇಕಾದುದು ಇಷ್ಟು: ಮಾಡಿದವನ ಸದುದ್ದೇಶವು ಮಾಡಿದವನೊಂದಿಗೆ ಮಣ್ಣಾಗುತ್ತದೆ, ಮಾಡಿದ ವಸ್ತುವು ಉಳಿಯುತ್ತದೆ. ಉಕ್ಕಿಗೆ ನೆನಪಿಲ್ಲ. ‘ನನ್ನ ಯಜಮಾನನು ನನ್ನನ್ನು ಬರಿಯ ಸಂತೋಷಕ್ಕಾಗಿ ಮಾಡಿದನು’ ಎಂದು ಅದು ಮುಂದಿನವನಿಗೆ ಹೇಳುವುದಿಲ್ಲ. ಯಾವ ಕೈಗೆ ಸಿಕ್ಕಿತೋ ಆ ಕೈಯ ಮಾತನ್ನು ಕೇಳುತ್ತದೆ. ಆದುದರಿಂದ ನನ್ನ ಉದ್ದೇಶ ಒಳ್ಳೆಯದಿತ್ತು ಎಂಬ ಸಮಾಧಾನವು ಬಹುಕಾಲ ಬಾಳುವ ವಸ್ತುಗಳನ್ನು ಮಾಡುವವನಿಗೆ ಸಾಲದು. ಅವನು ತನ್ನ ಆಯುಷ್ಯದ ಆಚೆಗೂ ಕಣ್ಣು ಹಾಯಿಸಬೇಕು.

ಆದುದರಿಂದ ಗ್ಯಾರೇಜಿನ ದೀಪದ ಕೆಳಗೆ ಕುಳಿತ ಆ ಹವ್ಯಾಸಿಯು ತನ್ನನ್ನು ತಾನೇ ಮೂರು ಪ್ರಶ್ನೆ ಕೇಳಿಕೊಳ್ಳಲಿ. ಇದರ ಮೇಲೆ ನನ್ನ ಹೆಸರನ್ನು ಕೆತ್ತಲು ನಾನು ಸಿದ್ಧನೇ? ನಾನಿಲ್ಲದ ದಿನ ಇದು ಯಾರ ಕೈಯಲ್ಲಿರುತ್ತದೆ? ನನ್ನ ಸಂತೋಷವು ಮಾಡುವುದರಲ್ಲಿದೆಯೋ, ಬೇರೊಬ್ಬನ ಜೀವ ನನ್ನ ಬೆರಳಿನ ತುದಿಯಲ್ಲಿದೆಯೆಂಬ ಗರ್ವದಲ್ಲಿದೆಯೋ? ಮೊದಲನೆಯದಕ್ಕೆ ಹೌದೆನ್ನುವವನು ಕಾನೂನು ಕೇಳಲಿ ಬಿಡಲಿ, ತಾನಾಗಿಯೇ ಗುರುತು ಹಾಕಿ ದಾಖಲಿಸುತ್ತಾನೆ. ಎರಡನೆಯದಕ್ಕೆ ಉತ್ತರ ಹುಡುಕಿದವನು ಭದ್ರವಾದ ಪೆಟ್ಟಿಗೆಗೆ ಬೀಗ ಹಾಕಿ, ತನ್ನ ನಂತರ ಅದು ಯಾರಿಗೆ ಸೇರಬೇಕು ಅಥವಾ ಹೇಗೆ ನಾಶವಾಗಬೇಕು ಎಂಬುದನ್ನು ಮನೆಯವರಿಗೆ ತಿಳಿಸಿಡುತ್ತಾನೆ. ಮೂರನೆಯದರ ಮುಂದೆ ಪ್ರಾಮಾಣಿಕವಾಗಿ ನಿಂತವನು, ಬರಿಯ ಮಾಡುವ ಸಂತೋಷವೇ ಬೇಕಾಗಿದ್ದರೆ ಅದು ಗಡಿಯಾರದಲ್ಲಿಯೂ ಪಿಟೀಲಿನಲ್ಲಿಯೂ ಸಿಗುತ್ತದೆಯೆಂದು ಕಂಡುಕೊಂಡರೂ ಆಶ್ಚರ್ಯವಿಲ್ಲ. ಮೂರಕ್ಕೂ ಉತ್ತರಿಸಲಾರದವನು ಅರವನ್ನು ಕೆಳಗಿಡುವುದೇ ಲೇಸು.

ವಾಚಕರೇ, ನಮ್ಮಲ್ಲಿ ಪಿಸ್ತೂಲು ಮಾಡುವವರು ಯಾರೂ ಇಲ್ಲದಿರಬಹುದು. ಹಾಗೆಂದು ಈ ಪ್ರಶ್ನೆಗಳು ನಮ್ಮನ್ನು ಬಿಡುವುದಿಲ್ಲ. ಕಾಡುಹಂದಿಗೆಂದು ಹೊಲದ ಬದುವಿನಲ್ಲಿಟ್ಟ ಸಿಡಿಮದ್ದು ಮೇಯಲು ಹೋದ ಹಸುವಿನ ಬಾಯಲ್ಲಿ ಸಿಡಿದಾಗ, ಅದನ್ನು ಕಟ್ಟಿದವನು ಯಾರೆಂದು ಊರಿನಲ್ಲಿ ಕೇಳಿದರೆ ಎಲ್ಲರೂ ನೆಲ ನೋಡುತ್ತಾರೆ. ಬೇಲಿಗೆ ಹರಿಸಿದ ಕಳ್ಳವಿದ್ಯುತ್ತು ರಾತ್ರಿ ನೀರು ಕಟ್ಟಲು ಹೊರಟ ನೆರೆಹೊಲದವನನ್ನು ಬಲಿ ತೆಗೆದುಕೊಂಡಾಗಲೂ ತಂತಿ ಬಿಗಿದ ಕೈ ತನ್ನದೆಂದು ಹೇಳುವವರು ಸಿಗುವುದು ಕಷ್ಟ. 2018ರ ಜುಲೈ ತಿಂಗಳಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸಂದೇಶವು ಮೊಬೈಲಿನಿಂದ ಮೊಬೈಲಿಗೆ ಹಾರಿ, ಹೈದರಾಬಾದಿನಿಂದ ಬಂದಿದ್ದ ತರುಣ ಇಂಜಿನಿಯರನೊಬ್ಬನು ಗುಂಪಿನ ಹೊಡೆತಕ್ಕೆ ಸಿಕ್ಕಿ ಪ್ರಾಣ ಬಿಟ್ಟನು. ಮಾತೂ ನಾವು ಮಾಡಿ ಲೋಕಕ್ಕೆ ಬಿಡುವ ವಸ್ತುವೇ. ಬರೆದವನ ಹೆಸರಿಲ್ಲದ ಮಾತಿಗಿಂತ ಬೇರೆ ಪ್ರೇತಬಂದೂಕು ಬೇಕೇ?

ಆದುದರಿಂದ ಈ ತಿಂಗಳು ನಿಮ್ಮಲ್ಲಿ ನನ್ನ ಬಿನ್ನಹವಿಷ್ಟು. ಕೈಯಿಂದ ಮಾಡುವ ಸಂತೋಷವನ್ನು ಬಿಡಬೇಡಿರಿ. ನಿಮ್ಮ ಮಕ್ಕಳಿಗೂ ಒಂದು ಕೈಕೆಲಸವನ್ನು ಕಲಿಸಿರಿ. ಆದರೆ ಕೆಲಸಕ್ಕೆ ಕೈಹಾಕುವ ಮೊದಲು, ಮುಗಿದ ವಸ್ತುವಿನ ಕೆಳಗೆ ನನ್ನ ಹೆಸರನ್ನು ಬರೆಯಬಲ್ಲೆನೇ ಎಂದು ಒಮ್ಮೆ ಕೇಳಿಕೊಳ್ಳಿರಿ. ಬರೆಯಬಲ್ಲೆನೆಂದಾದರೆ, ಆಮೇಲೆ ವಿನಯದಿಂದ ಬರೆಯದೆ ಬಿಟ್ಟರೂ ಚಿಂತೆಯಿಲ್ಲ. ಬರೆಯಲಾರೆನೆಂದು ಮನಸ್ಸು ಹಿಂಜರಿದರೆ ಆ ಹಿಂಜರಿಕೆಯನ್ನು ಗೌರವಿಸಿರಿ, ಅಲ್ಲಿಯೇ ನಿಲ್ಲಿರಿ. ಮಾಡಿದ ಮೇಲೆ ಮುಪ್ಪಿನಲ್ಲಿ ಪತ್ರ ಬರೆದು ಕೇಳುವುದಕ್ಕಿಂತ, ಮಾಡುವ ಮೊದಲೇ ತನ್ನನ್ನು ತಾನು ಕೇಳಿಕೊಳ್ಳುವುದು ಮೇಲು.